ಡ್ರೈಯರಿನೊಳಗಿನ ಕೆಂಪು

ಮರದ ಅಡ್ಡೆಯಲ್ಲಿ ಎಲ್ಲರೂ ಅವಳನ್ನು ಅಳತೆಯಕ್ಕ ಎಂದೇ ಕರೆಯುತ್ತಿದ್ದರು. ಹಲಗೆಯ ಮೇಲೆ ಟೇಪು ಹಿಡಿದು, ಕೊಯ್ಯಬೇಕಾದ ಕಡೆ ಕೆಂಪು ಮೇಣದ ಕಡ್ಡಿಯಿಂದ ಗೆರೆ ಎಳೆಯುವುದು ಅವಳ ಕೆಲಸ. ಗರಗಸದವನು ಆ ಗೆರೆ ಕಂಡ ಮೇಲೆ ಮತ್ತೆ ಅಳೆಯುತ್ತಿರಲಿಲ್ಲ. "ಅಕ್ಕ ಗೀಟು ಹಾಕಿದ್ರೆ ಮುಗೀತು" ಅನ್ನುತ್ತಿದ್ದ. ಏಳು ವರ್ಷದಲ್ಲಿ ಒಂದೇ ಒಂದು ಹಲಗೆಯೂ ಗಿಡ್ಡವಾಗಿರಲಿಲ್ಲ. ಆ ಹೆಮ್ಮೆ ಅಡ್ಡೆಯಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಅದು ಸಂಜೆ ಅವಳ ಜೊತೆಗೇ ಮನೆಗೂ ಬರುತ್ತಿತ್ತು.

ಮನೆಯಲ್ಲಿ ಬಟ್ಟೆ ಒಣಹಾಕಲು ಜಾಗವಿಲ್ಲ. ಬಚ್ಚಲಿನ ಪಕ್ಕದ ಸಂದಿಯಲ್ಲಿ ಡ್ರೈಯರ್ ಕೂತಿತ್ತು. ಅದರ ಬಾಗಿಲಿಗೆ ಅವಳೇ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ ಚೀಟಿ: "ಜೇಬು ನೋಡದೆ ಬಟ್ಟೆ ಹಾಕಬಾರದು." ಒಮ್ಮೆ ಗಂಡನ ಜೇಬಿನಿಂದ ಬಸ್ ಟಿಕೆಟ್ಟಿನ ಮುದ್ದೆ ಸಿಕ್ಕಿದ್ದಕ್ಕೆ ಮೂರು ದಿನ ಅವನನ್ನು ಆಡಿಕೊಂಡಿದ್ದಳು.

ಒಂದು ರಜೆಯ ಬೆಳಿಗ್ಗೆ ಡ್ರೈಯರ್ ಬಾಗಿಲು ತೆಗೆದವಳು ಹಾಗೇ ನಿಂತುಬಿಟ್ಟಳು. ಆಸ್ಪತ್ರೆ ವಾರ್ಡಿನಲ್ಲಿ ಕೆಲಸ ಮಾಡುವ ಗಂಡನ ಬಿಳಿ ಅಂಗಿಗಳು, ಅತ್ತೆಯ ಶಾಲು, ಎಲ್ಲದರ ಮೇಲೂ ಕೆಂಪು ಬರೆ. ಡ್ರಮ್ಮಿನ ಒಳಗೋಡೆಯ ಸುತ್ತ ಮೇಣ ಕರಗಿ, ಬಳಿದುಕೊಂಡು, ಸಣ್ಣ ಸಣ್ಣ ತೂತುಗಳಲ್ಲೆಲ್ಲ ಹೆಪ್ಪುಗಟ್ಟಿತ್ತು.

"ಚುಕ್ಕೀ! ಬಾ ಇಲ್ಲಿ!"

ಆರು ವರ್ಷದ ಮಗಳು ಒಂದೇ ಚಪ್ಪಲಿ ಮೆಟ್ಟಿಕೊಂಡು ಓಡಿಬಂದಳು.

"ಜೇಬಲ್ಲಿ ಬಣ್ಣದ ಕಡ್ಡಿ ಬಿಟ್ಟಿದ್ಯಾ?"

"ಇಲ್ಲಮ್ಮ."

"ಮತ್ತೆ ಇದೇನು? ಈ ಮನೇಲಿ ಬಣ್ಣ ಬಳಿಯೋರು ಇನ್ಯಾರಿದಾರೆ? ಅಜ್ಜಿನಾ?"

"ನನ್ನನ್ಯಾಕಮ್ಮ ನಡುವೆ ಎಳೀತೀಯಾ," ಎಂದರು ಅಡುಗೆಮನೆಯಿಂದ ಅತ್ತೆ.

"ಇಲ್ಲಮ್ಮ, ನಾನು..."

ಅಳತೆಯಕ್ಕ ಮಗುವಿನ ಕೈಮೇಲೆ ಒಂದು ಏಟು ಕೊಟ್ಟಳು. ಚುಕ್ಕಿ ಅಳಲಿಲ್ಲ. ಅಮ್ಮನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಹೂಂ, ನಾನೇ ಬಿಟ್ಟಿರಬೇಕು" ಎಂದಳು. ಹೋಗಿ ತನ್ನ ಬಣ್ಣದ ಡಬ್ಬಿ ತಂದು ಕೈಗೆ ಕೊಟ್ಟಳು. "ಬಿಸಾಕ್ಬಿಡು."

"ಈಗ ಬಂತು ಬುದ್ಧಿ," ಎಂದು ಅಳತೆಯಕ್ಕ ಡಬ್ಬಿಯನ್ನು ಕಪಾಟಿನ ಮೇಲೆ ಎಸೆದಳು.

ಆಮೇಲೆ ತೋಳು ಮಡಚಿ ಕೆಲಸಕ್ಕೆ ಇಳಿದಳು. ಪ್ಲಗ್ಗು ಕಿತ್ತು, ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ದಪ್ಪ ಮೇಣವನ್ನು ಕೆರೆದಳು. ಚಾಕು ಮುಟ್ಟಲಿಲ್ಲ; ಡ್ರಮ್ಮಿಗೆ ಗೀರು ಬಿದ್ದರೆ ನಾಳೆ ಬಟ್ಟೆ ಹರಿಯುತ್ತದೆ. ಅತ್ತೆ ಬಾಗಿಲಲ್ಲಿ ನಿಂತು, "ಒಂದಿಷ್ಟು ಸೀಮೆಎಣ್ಣೆ ಸವರು, ಸರಾಗ ಬರುತ್ತೆ" ಎಂದರು.

"ಬೇಡ ಅತ್ತೆ, ಇದು ಬಿಸಿಯಾಗೋ ಯಂತ್ರ. ಕಲೆ ಜೊತೆ ಮನೇನೂ ಹೋಗುತ್ತೆ."

ಬೇಡದ ಟವೆಲ್ಲುಗಳನ್ನು ಹಾಕಿ ಹತ್ತು ನಿಮಿಷ ತಿರುಗಿಸಿದಳು. ಬಿಸಿಗೆ ಮೆತ್ತಗಾದ ಮೇಣ ಟವೆಲ್ಲಿಗೆ ಹತ್ತಿ ಬಂತು. ಮತ್ತೆ ಪ್ಲಗ್ಗು ಕಿತ್ತು, ಸೋಪಿನ ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿದಳು. ಮೇಣವೇನೋ ಹೋಯಿತು, ಬಣ್ಣದ ನೆರಳು ಮಾತ್ರ ಉಳಿಯಿತು. ವಿನೆಗರ್ ಹಾಕೋಣವೇ ಅನ್ನಿಸಿತು. ನೇರ ಡ್ರಮ್ಮಿಗೆ ಹಾಕುವವಳಲ್ಲ ಅವಳು. ಮೊದಲು ಹಳೆ ತಗಡಿನ ಮುಚ್ಚಳಕ್ಕೆ ಅಂಥದೇ ಬಣ್ಣ ಬಳಿದು ಪರೀಕ್ಷೆ ಮಾಡೋಣ ಎಂದು ಚುಕ್ಕಿಯ ಡಬ್ಬಿ ಇಳಿಸಿ ತೆರೆದಳು.

ಹನ್ನೆರಡು ಗೂಡು, ಹನ್ನೆರಡು ಕಡ್ಡಿ. ಕೆಂಪು ತನ್ನ ಜಾಗದಲ್ಲಿ ಕಾಗದ ಸುತ್ತಿಕೊಂಡು ಇಡಿಯಾಗಿ ಮಲಗಿತ್ತು.

ಅವಳು ಒಣಗಿದ ಬಟ್ಟೆಗಳ ರಾಶಿಯಿಂದ ತನ್ನ ಅಡ್ಡೆಯ ಏಪ್ರನ್ ಎಳೆದು ಜೇಬು ಹೊರಗೆಳೆದಳು. ಜೇಬಿನ ತಳ ಗಾಯದ ಹಕ್ಕಳೆಯಂತೆ ಕೆಂಪಗೆ ಗಟ್ಟಿಯಾಗಿತ್ತು.

ಆಗ ಮಾಡಿದ್ದನ್ನು ಆಮೇಲೆ ಎಷ್ಟೋ ದಿನ ಅವಳಿಗೆ ನೆನೆಸಿಕೊಳ್ಳಲೂ ಆಗಲಿಲ್ಲ. ಅತ್ತಿತ್ತ ನೋಡಿದಳು. ಡಬ್ಬಿಯಿಂದ ಕೆಂಪು ಕಡ್ಡಿಯನ್ನು ತೆಗೆದು ತಾನು ತೊಟ್ಟ ಅಂಗಿಯ ಜೇಬಿಗೆ ಹಾಕಿಕೊಂಡು, ಡಬ್ಬಿ ಮುಚ್ಚಿ ಮೇಲಿಟ್ಟಳು. ಈಗ ಲೆಕ್ಕ ಸರಿಹೋಯಿತು: ಡಬ್ಬಿಯಲ್ಲಿ ಒಂದು ಕಡಿಮೆ. ಮಗು ಹೇಗೂ ಒಪ್ಪಿಕೊಂಡಾಗಿದೆ.

"ಅಮ್ಮ," ಎಂದಿತು ಬೆನ್ನ ಹಿಂದೆ ಒಂದು ಸಣ್ಣ ದನಿ. ಚುಕ್ಕಿ ತನ್ನ ಹಲ್ಲುಜ್ಜುವ ಬ್ರಷ್ ಹಿಡಿದು ನಿಂತಿದ್ದಳು. "ತೂತಿನೊಳಗೆ ನಿನ್ನ ಬೆರಳು ಹೋಗಲ್ಲ. ನಾನು ಉಜ್ಜಲಾ? ನಾನೇ ತಾನೆ ಮಾಡಿದ್ದು."

ಅಳತೆಯಕ್ಕನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಲ್ಲೇ ಕುಕ್ಕರಿಸಿ ಕೂತಳು.

"ನೀನಲ್ಲ ಪುಟ್ಟಿ. ನಾನು. ನನ್ನ ಏಪ್ರನ್ನಲ್ಲಿ ಅಡ್ಡೆಯ ಕಡ್ಡಿ ಇತ್ತು, ನೋಡದೆ ಹಾಕಿದೆ. ಸುಮ್ಮನೆ ನಿನಗೆ ಹೊಡೆದೆ. ತಪ್ಪಾಯ್ತು."

ಚುಕ್ಕಿ ಬಾಗಿಲ ಮೇಲಿನ ಚೀಟಿ ನೋಡಿದಳು, ಅಮ್ಮನನ್ನು ನೋಡಿದಳು. "ಹಾಗಾದ್ರೆ ನಿನಗೆ ಯಾರು ಬೈತಾರೆ?"

"ನಾನಿದ್ದೀನಲ್ಲ!" ಎಂದರು ಮತ್ತೆ ಬಾಗಿಲಿಗೆ ಬಂದ ಅತ್ತೆ. "ನನ್ನ ಶಾಲು ಹಾಳು ಮಾಡಿ, ಮಗೂಗೆ ಹೊಡೆದು, ಮೇಲೆ ನನ್ನನ್ನೂ ಎಳೆದಳು. ಅಡ್ಡೆಗೆಲ್ಲ ದೊಡ್ಡ ಅಳತೆಯಕ್ಕ!" ನಗುತ್ತಲೇ ಅಂದರು, ಆದರೂ ಅವಳಿಗೆ ತಲೆ ಎತ್ತಲಾಗಲಿಲ್ಲ.

ಚುಕ್ಕಿಯೂ ನಕ್ಕಳು. ಅಜ್ಜಿಯ ಜೊತೆ ಸೇರಿ ಪೊಲೀಸಿನ ಠೀವಿಯಲ್ಲಿ, "ಜೇಬು ತೋರಿಸು!" ಎಂದು ಅಮ್ಮನ ಜೇಬಿಗೆ ಕೈ ಹಾಕಿದಳು. ಕೈ ಹೊರಗೆ ಬಂದಾಗ ಅದರಲ್ಲಿ ಕೆಂಪು ಕಡ್ಡಿ.

"ಇದು ನಂದು," ಎಂದಳು. ನಗು ನಿಂತಿತ್ತು. "ಇದು ಇಲ್ಲಿ ಹೇಗೆ ಬಂತು?"

ಏನಾದರೊಂದು ಹೇಳಬಹುದಿತ್ತು. ಪರೀಕ್ಷೆಗೆ ತೆಗೆದೆ ಅಂದರೆ ಸಾಕಿತ್ತು. ಅರ್ಧ ನಿಜವೂ ಹೌದು.

"ನಾನೇ ತೆಗೆದಿಟ್ಟುಕೊಂಡೆ," ಎಂದಳು ಅಳತೆಯಕ್ಕ. "ತಪ್ಪು ನಿಂದೇ ಅಂತ ಕಾಣಲಿ ಅಂತ. ನೀನು ಬ್ರಷ್ ತಗೊಂಡು ಬರದಿದ್ರೆ ಹೇಳ್ತಾನೇ ಇರಲಿಲ್ಲವೇನೋ."

ಚುಕ್ಕಿ ಸ್ಟೂಲು ಎಳೆದು ಹತ್ತಿ ಡಬ್ಬಿ ಇಳಿಸಿಕೊಂಡಳು. ಕೆಂಪನ್ನು ಅದರ ಗೂಡಿನಲ್ಲಿಟ್ಟು, ಒಂದರಿಂದ ಹನ್ನೆರಡರವರೆಗೆ ಬೆರಳಿಟ್ಟು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಡಬ್ಬಿಯನ್ನು ಅಜ್ಜಿಯ ಕೈಗೆ ಕೊಟ್ಟು, "ನೀನು ಇಟ್ಕೊಂಡಿರು" ಎಂದಳು.

ಆಮೇಲೆ ಬಂದು ಅಮ್ಮನ ಪಕ್ಕ ಕೂತು, ಬ್ರಷ್ಷಿನಿಂದ ಡ್ರಮ್ಮಿನ ತೂತುಗಳನ್ನು ಒಂದೊಂದಾಗಿ ಉಜ್ಜತೊಡಗಿದಳು. ಅಳತೆಯಕ್ಕ ಒಳಗೆ ಟಾರ್ಚು ಹಿಡಿದಳು. ಮಗಳು ತೋರಿಸಿದ ಕಡೆಗೆ ಹಿಡಿದಳು.