ಭಾವ ಬದಲಾಯಿಸಿದ ಟ್ಯೂಬುಗಳು

ನಮ್ಮ ಭಾವನಷ್ಟು ಅಚ್ಚುಕಟ್ಟಿನ ಮನುಷ್ಯನನ್ನು ನಾನು ಕಂಡಿಲ್ಲ. ಕಾಣುವ ಆಸೆಯೂ ಇಲ್ಲ. ಮನೆಗೆ ಎಣ್ಣೆ ತಂದರೆ ಮೊದಲು ಒಂದು ಸೀಸೆಗೆ ಸುರಿಯುತ್ತಾನೆ. ಅದರ ಕುತ್ತಿಗೆಗೆ ಜಿಡ್ಡು ಹತ್ತಿತೆಂದು ಇನ್ನೊಂದಕ್ಕೆ. ಅದರ ಮುಚ್ಚಳ ಸರಿಯಿಲ್ಲವೆಂದು ಮತ್ತೊಂದಕ್ಕೆ. ಒಂದೊಂದು ಸೀಸೆಯ ಗೋಡೆಗೂ ಚಮಚದಷ್ಟು ಎಣ್ಣೆ ಅಂಟಿಕೊಂಡೇ ಉಳಿಯುತ್ತದೆ. ಅಕ್ಕ ಇಪ್ಪತ್ತು ವರ್ಷದಿಂದ ಆ ಸೀಸೆಗಳನ್ನು ಬೋರಲು ಹಾಕಿ ಎಣ್ಣೆ ಇಳಿಸುತ್ತಿದ್ದಾಳೆ. ಇವನ ಕಣ್ಣಿಗೆ ಅದು ಬಿದ್ದೇ ಇಲ್ಲ.

ಇಂಥವನು ಪ್ರಯೋಗಾಲಯದಲ್ಲಿ ಟೆಕ್ನೀಷಿಯನ್. ಅಲ್ಲೇ ಐಸ್ ಹೊರುವುದು, ಕಸ ತೆಗೆಯುವುದು ನನ್ನ ಕೆಲಸ. ಓದಿದ್ದು ಏಳನೇ ಕ್ಲಾಸು, ಆದರೆ ಕಿವಿ ನೆಟ್ಟಗಿವೆ. ಜೀವಕೋಶದ ಪ್ರೊಟೀನಿಗೆ ಫಾಸ್ಫೇಟ್ ಎಂಬ ಪುಟ್ಟ ಚೂರು ಅಂಟಿದರೆ ಕೆಲವು ಎದ್ದು ದುಡಿಯುತ್ತವೆ, ಕೆಲವು ಮಲಗುತ್ತವೆ. ಅದು ಎಲ್ಲೆಲ್ಲಿ ಅಂಟಿದೆಯೆಂದು ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ತೂಕ ಹಾಕಿ ಹೇಳುತ್ತದೆ.

ಮೊದಲೆಲ್ಲ ಕೋಟಿಗಟ್ಟಲೆ ಕೋಶ ಬರುತ್ತಿದ್ದವು. ಭಾವ ಎಷ್ಟು ಸಲ ಟ್ಯೂಬು ಬದಲಿಸಿದರೂ ನಡೆಯುತ್ತಿತ್ತು. ಅಚ್ಚುಕಟ್ಟುಗಾರನೆಂದು ಪ್ರಮಾಣಪತ್ರ ಬೇರೆ ಕೊಟ್ಟರು. ಅಂದಿನಿಂದ ಅವನ ಕಾಲು ನೆಲಕ್ಕೆ ತಾಗಿಲ್ಲ.

ಸಂಶೋಧನೆಯ ಹುಡುಗಿಯೊಬ್ಬಳು ರೋಗಿಯ ಗಡ್ಡೆಯಿಂದ ಸೂಜಿಯಲ್ಲಿ ತೆಗೆದ ಕೋಶ ತಂದಳು. ಒಂದು ಸಾವಿರವೂ ಇರಲಿಲ್ಲ. ರೋಗಿ ತೀರಿಕೊಂಡಿದ್ದರು, ಮತ್ತೆ ತರುವಂತಿರಲಿಲ್ಲ. ಇದೊಂದು ಸರಿಹೋದರೆ ಅವಳ ಮೂರು ವರ್ಷದ ಕೆಲಸ ದಡ ಸೇರುತ್ತಿತ್ತು. ಒಂದೇ ಟ್ಯೂಬಿನಲ್ಲಿ ಕೋಶ ಒಡೆದು, ಪ್ರೊಟೀನು ತುಂಡು ಮಾಡಿ, ಭಾವನ ಕೈಗಿಟ್ಟಳು.

"ಸಾರ್, ಇದರಿಂದ್ಲೇ ನೇರ ಮಿಷನ್ನಿಗೆ ಹೋಗ್ಲಿ. ಬೇರೆದಕ್ಕೆ ಹಾಕ್ಬೇಡಿ. ಗೋಡೆಗೆ ಅಂಟ್ಕೊಂಡ್ರೆ ಏನೂ ಉಳಿಯಲ್ಲ."

"ನಂಗೇ ಹೇಳಿಕೊಡ್ತೀಯೇನಮ್ಮ? ನೀನು ಅ ಆ ತಿದ್ದೋವಾಗ್ಲೇ ನಾನು ಟ್ಯೂಬ್ ಹಿಡಿದಿದ್ದೆ."

ಮರುದಿನ ಯಂತ್ರದ ಪರದೆಯ ಮೇಲೆ ಬರೀ ಚಪ್ಪಟೆ ಗೆರೆ. ಹುಡುಗಿಯ ಮುಖ ಬಿಳಿಚಿತು.

"ಮಿಷನ್ ಕೆಟ್ಟಿದೆ," ಎಂದ ಭಾವ.

"ಎಷ್ಟು ಸಲ ಟ್ಯೂಬ್ ಬದ್ಲಾಯಿಸಿದ್ರಿ ಭಾವ?" ಎಂದೆ.

"ಲೇಬಲ್ ಒದ್ದೆಯಾಗಿತ್ತು ಕಣೋ. ಆಮೇಲೆ ಅಕ್ಷರ ಸೊಟ್ಟಗೆ ಬಂತು. ನಾಲ್ಕೇ ನಾಲ್ಕು ಸಲ."

ನಾಲ್ಕೇ ನಾಲ್ಕಂತೆ! ನನಗೆ ಮೈಯೆಲ್ಲ ಉರಿಯಿತು. "ನಿಮ್ಮ ಅಚ್ಚುಕಟ್ಟಿಗೆ ಬೆಂಕಿ ಬೀಳ! ಮನೇಲಿ ಎಣ್ಣೆ ಸೀಸೆ ಸಾಲ್ದು ಅಂತ ಇಲ್ಲೂ ಶುರು ಮಾಡಿದ್ರಾ?"

ಹುಡುಗಿ ತಟ್ಟನೆ ನನ್ನತ್ತ ತಿರುಗಿದಳು. "ಅಣ್ಣಾ, ಆ ಹಳೇ ಟ್ಯೂಬುಗಳು ಎಲ್ಲಿ?"

ಕಸದ ಬುಟ್ಟಿ ಸಂಜೆಯೇ ಖಾಲಿಯಾಗಬೇಕೆಂಬುದು ಭಾವನ ಕಾನೂನು. ಹಿಂದಿನ ಸಂಜೆ ಅದೇ ಮಾತಿಗೆ ಜಗಳವಾಗಿ, ಸಿಟ್ಟಿಗೆ ನಾನು ಬುಟ್ಟಿ ಮುಟ್ಟಿರಲಿಲ್ಲ. ನಾಲ್ಕೂ ಅಲ್ಲೇ ಬಿದ್ದಿದ್ದವು, ಮುಚ್ಚಳ ಹಾಕಿಕೊಂಡು.

ಅಂಟಿದ್ದು ಬಿಟ್ಟು ಬರಲೆಂದು ಹುಡುಗಿ ಒಂದೇ ಒಂದು ಹನಿ ಆಮ್ಲದ ನೀರನ್ನು ಒಂದರಿಂದ ಇನ್ನೊಂದಕ್ಕೆ ಹಾಯಿಸುತ್ತ ನಾಲ್ಕರ ಒಳಗೋಡೆಯನ್ನೂ ತೊಳೆದಳು. ಅಷ್ಟರಲ್ಲಿ ಭಾವ ಹೊಸ ಟ್ಯೂಬು ಹಿಡಿದು ಬಂದ. "ಅದರಲ್ಲಿ ಕೊಳೆ ಇದೆಯಮ್ಮ, ಇದಕ್ಕೆ ಹಾಕು." ನಾನು ಅಡ್ಡ ನಿಂತೆ. "ಒಂದ್ ಹೆಜ್ಜೆ ಮುಂದೆ ಬನ್ನಿ, ಅಕ್ಕನ ಗಂಡ ಅಂತಾನೂ ನೋಡಲ್ಲ."

ಹನಿ ನೇರ ಯಂತ್ರಕ್ಕೆ ಹೋಯಿತು. ಪರದೆಯಲ್ಲಿ ಗೆರೆ ಎದ್ದಿತು. ಅವಳು ಬಯಸಿದ ಫಾಸ್ಫೇಟ್ ಗುರುತುಗಳಲ್ಲಿ ಅರ್ಧವೂ ಸಿಗಲಿಲ್ಲ, ಆದರೆ ಕೆಲಸ ಮುಗಿಸಲು ಬೇಕೇಬೇಕಾಗಿದ್ದ ಎರಡು ಸಿಕ್ಕವು. ಹುಡುಗಿ ಕುರ್ಚಿಯಲ್ಲಿ ಕುಸಿದು ಕಣ್ಣೊರೆಸಿಕೊಂಡಳು.

ಅಂದು ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಭಾವ ಅಕ್ಕನಿಗೆ ಹೇಳುತ್ತಿದ್ದ: "ನಾನು ಮುಚ್ಚಳ ಹಾಕಿ ಎಸೆದಿದ್ದಕ್ಕೇ ಉಳೀತು ಕಣೇ."

ಅಕ್ಕ ಬಾಣಲೆಯ ಮೇಲೆ ಸೀಸೆ ಬೋರಲು ಹಿಡಿದು, ಹನಿ ಇಳಿಯುವುದನ್ನೇ ಕಾಯುತ್ತಿದ್ದಳು.