ಅಕ್ಕನ ಹಾಲು

ನಾನು ಚಿಕ್ಕವಳಿದ್ದಾಗ, ಹೊಸೂರಿನ ಕಡೆ, ತಳಿ ಎಂಬ ಊರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಯಾರ ಮನೆಯ ಕಿಟಕಿಗಾದರೂ ಗೋಣಿಚೀಲ ಕಟ್ಟಿದ್ದರೆ, ಅಲ್ಲೊಂದು ಮಗು ಹುಟ್ಟಿದೆ ಎಂದು ದಾರಿಹೋಕರಿಗೂ ತಿಳಿಯುತ್ತಿತ್ತು. ಬಾಣಂತಿಗೆ ಗಾಳಿ ಸೋಕಬಾರದು, ಕೂಸಿಗೆ ದೃಷ್ಟಿ ತಗಲಬಾರದು. ಮಕ್ಕಳೇ, ನಿಮ್ಮ ಪುಟ್ಟ ತಮ್ಮ ಆಸ್ಪತ್ರೆಯಿಂದ ಯಾವಾಗ ಬರುತ್ತಾನೆ ಎಂದು ಬೆಳಗಿನಿಂದ ನನ್ನ ಪ್ರಾಣ ತಿನ್ನುತ್ತಿದ್ದೀರಲ್ಲ, ಬನ್ನಿ, ಕೂತುಕೊಳ್ಳಿ. ಹೊಸೂರಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೂತು ನನ್ನ ಸೊಂಟ ಬಿದ್ದುಹೋಗಿದೆ. ಒಂದೇ ಸಲ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡಿ.

ಆಗ ಅಕ್ಕ ಎರಡನೆಯ ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು. ಅವಳ ಮೊದಲ ಮಗಳು ಗುಂಡುಕಲ್ಲಿನ ಹಾಗೆ ಅಂಗಳದಲ್ಲಿ ಓಡಾಡಿಕೊಂಡಿದ್ದಳು. ಈ ಸಲ ಗಂಡುಮಗು. ನಮ್ಮ ಮನೆಯ ಕಿಟಕಿಗೂ ಗೋಣಿಚೀಲ ಬಂತು. ಕೋಣೆಯ ತುಂಬ ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ ಮತ್ತು ಹರಳೆಣ್ಣೆಯ ವಾಸನೆ. ಪುರುಡು ಕಳೆಯುವ ತನಕ ಅಪ್ಪ ಒಳಗೆ ಕಾಲಿಡುವಂತಿರಲಿಲ್ಲ. ಪಾಪ, ಬಾಗಿಲಾಚೆ ನಿಂತು ಮೊಮ್ಮಗನ ಅಳು ಕೇಳಿಸಿಕೊಂಡು ಹೊಲಕ್ಕೆ ಹೋಗುತ್ತಿದ್ದ.

ಕೂಸಿಗೆ ನೀರು ಹಾಕುವವಳು ಅವ್ವ. ಕಾಲು ಚಾಚಿ ಕೂತು, ಮೊಣಕಾಲ ಕೆಳಗೆ ಕೂಸನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ನುಣ್ಣಗೆ ಅರೆದ ಅರಿಶಿನವನ್ನು ಅಂಗಾಲಿನಿಂದ ನೆತ್ತಿಯವರೆಗೆ ಹಚ್ಚುತ್ತಿದ್ದಳು. ನಮ್ಮ ಕಡೆ ಎಲ್ಲ ಕೂಸುಗಳಿಗೂ ಹಾಗೇ ಮಾಡುತ್ತಿದ್ದದ್ದು. ಆ ಕತ್ತಲಲ್ಲಿ, ಆ ಅರಿಶಿನದಲ್ಲಿ, ಮಗುವಿನ ಮೈಬಣ್ಣ ಯಾರಿಗೆ ತಾನೆ ಗೊತ್ತಾಗಬೇಕು?

ಹುಟ್ಟಿದ ನಾಲ್ಕನೆಯ ದಿನ ಬೆಳಗ್ಗೆ ಕೂಸು ಅಳಲೇ ಇಲ್ಲ. ಅವ್ವನಿಗೆ ಅದೇ ಹೆಮ್ಮೆ. "ನೋಡೇ, ಎಂಥ ಸಾಧು ಕೂಸು. ನೀನು ಉಟ್ದಾಗ ಊರೆಲ್ಲ ಒಂದು ಮಾಡಿದ್ದೆ" ಎಂದು ನನ್ನನ್ನು ಹಂಗಿಸಿದಳು. ಅಕ್ಕನಿಗೆ ಮಾತ್ರ ಸಮಾಧಾನವಿರಲಿಲ್ಲ.

"ಅವ್ವಾ, ಬಾಯಿಗಿಟ್ರೂ ಚೀಪ್ತಾ ಇಲ್ಲ. ಬರೀ ನಿದ್ದೇಲೇ ಐತೆ."

"ಒಟ್ಟೆ ತುಂಬಿರ್ತೈತೆ ಬುಡು. ನಿದ್ದೆ ಮಾಡಿದ್ರೆ ಕೂಸು ಬೆಳೀತೈತೆ."

ಮಧ್ಯಾಹ್ನದ ಹೊತ್ತಿಗೆ ಅಕ್ಕ ಯಾವ ಬಾಣಂತಿಯೂ ಮಾಡದ ಕೆಲಸ ಮಾಡಿದಳು. ಕೂಸನ್ನು ಎತ್ತಿಕೊಂಡು ಅಂಗಳದ ಬಿಸಿಲಿಗೆ ಬಂದು ನಿಂತಳು. ಒದ್ದೆ ಬಟ್ಟೆಯಿಂದ ಕೆನ್ನೆ ಒರೆಸಿದಳು. ಬಟ್ಟೆಗೆ ಮೊದಲು ಅರಿಶಿನ ಹತ್ತಿತು, ಆಮೇಲೆ ಏನೂ ಹತ್ತಲಿಲ್ಲ. ಆದರೂ ಕೆನ್ನೆ ಹಳದಿಯಾಗಿಯೇ ಇತ್ತು. ಬೈಯಲು ಓಡಿಬಂದ ಅವ್ವ ಕೂಸನ್ನು ಕಿತ್ತುಕೊಂಡು ಕಡಲೆಹಿಟ್ಟು ಹಾಕಿ ತಿಕ್ಕಿದಳು. ತಿಕ್ಕಿದಳು, ತೊಳೆದಳು, ಮತ್ತೆ ತಿಕ್ಕಿದಳು. "ಅರಿಶ್ನ ಓಗ್ತಾನೇ ಇಲ್ವಲ್ಲೇ" ಎಂದಳು. ಅಕ್ಕ ಮೆಲ್ಲಗೆ ಕೂಸಿನ ರೆಪ್ಪೆ ಬಿಡಿಸಿದಳು. ಕಣ್ಣಿನ ಬಿಳಿ ಚೆಂಡುಹೂವಿನ ಬಣ್ಣಕ್ಕೆ ತಿರುಗಿತ್ತು. ಕಣ್ಣಿಗೆ ಯಾರೂ ಅರಿಶಿನ ಹಚ್ಚಿರಲಿಲ್ಲ.

ಹೊಲದಿಂದ ಬಂದ ಅಪ್ಪ ಪುರುಡು ಗಿರುಡು ಎಲ್ಲ ಮರೆತು ಕೂಸನ್ನು ಕೈಗೆ ತೆಗೆದುಕೊಂಡ. "ಕಾಮಾಲೆ" ಎಂದ. ಪಕ್ಕದ ಮನೆಯ ಮುದುಕಿ ಇಣುಕಿ ನೋಡಿ, "ತಾಯಿ ಆಲು ಕೆಟ್ಟೈತೆ, ಅದೇ ವಿಷ ಆಗೈತೆ" ಎಂದಳು. ಅವ್ವ ಅದನ್ನೇ ನಂಬಿದಳು. ಏನೂ ತೋಚದವರಿಗೆ ಯಾವುದೋ ಒಂದು ಕಾರಣ ಸಿಕ್ಕರೆ ಸಾಕು, ಹಿಡಿದುಕೊಳ್ಳುತ್ತಾರೆ. "ಇನ್ನೊಂದು ತೊಟ್ಟೂ ಕುಡಿಸ್ಬ್ಯಾಡ" ಎಂದು ಅಕ್ಕನಿಗೆ ಹೇಳಿ, ಸಕ್ಕರೆ ನೀರಿನ ಬಟ್ಟಲು ಹಿಡಿದು, ಅಪ್ಪನ ಜೊತೆ ಬಸ್ಸಿನ ದಾರಿಗೆ ಓಡಿದಳು. ಬಾಣಂತಿ ಊರು ದಾಟಬಾರದೆಂದು ಅಕ್ಕನನ್ನು ಬಿಟ್ಟುಹೋದರು. ಅವಳ ರವಿಕೆ ಹಾಲಿನಿಂದ ನೆನೆದುಹೋಗಿತ್ತು. ಹೊಸ್ತಿಲ ಮೇಲೆ ಹಾಗೇ ಕೂತಿದ್ದಳು.

ಸಾಯಂಕಾಲ ಅಪ್ಪನ ಟವಲಿನಲ್ಲಿ ಸುತ್ತಿಕೊಂಡು ಕೂಸನ್ನು ವಾಪಸು ತಂದರು. ಉಸಿರಿರಲಿಲ್ಲ. ಕಾಮಾಲೆ ತಲೆಗೇರಿಬಿಟ್ಟಿದೆ, ತಡವಾಗಿ ತಂದಿರಿ ಎಂದು ಡಾಕ್ಟರು ಹೇಳಿದರಂತೆ. ಮಾರನೆಯ ದಿನ ಅವ್ವ, ಹಾಲು ಬತ್ತಲಿ ಎಂದು ಅಕ್ಕನ ಎದೆಗೆ ಮಲ್ಲಿಗೆ ಹೂವು ಕಟ್ಟಿದಳು. ಹೂವು ಬೆಳೆಯುವ ಮನೆಯ ಹೆಣ್ಣುಮಗಳು ಅಕ್ಕ, ಆಮೇಲೆ ಒಂದು ದಿನವೂ ಮಲ್ಲಿಗೆ ಮುಡಿಯಲಿಲ್ಲ.

ಅಕ್ಕನ ಹಾಲು ಆಗಿಬರುವುದಿಲ್ಲ ಎಂಬ ಮಾತು ಊರಲ್ಲಿ ನಿಂತುಬಿಟ್ಟಿತು. ಮುಂದಿನ ಕೂಸೂ ಹೊಟ್ಟೆಯಲ್ಲೇ ಹೋದ ಮೇಲೆ, ಬೇರೆಯವರ ಮಕ್ಕಳನ್ನು ಎತ್ತಿಕೊಳ್ಳಲು ಅವಳೇ ಹಿಂಜರಿಯುತ್ತಿದ್ದಳು.

ನಿಮ್ಮ ತಮ್ಮನ ಕಣ್ಣು ಹಳದಿಯಾದದ್ದು ಹುಟ್ಟಿದ ಮಾರನೆಯ ದಿನವೇ ನರ್ಸಿಗೆ ಕಂಡಿತು. ಅಂಗಾಲಿನಿಂದ ಒಂದು ತೊಟ್ಟು ರಕ್ತ ತೆಗೆದರು. ಈಗ ಅವನು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ನೀಲಿ ದೀಪದ ಕೆಳಗೆ ರಾಜನ ಹಾಗೆ ಮಲಗಿದ್ದಾನೆ. ನಿಮ್ಮಮ್ಮನ ರಕ್ತದ ಗುಂಪು ಬೇರೆ, ಅವನದು ಬೇರೆ. ತಾಯಿಯ ರಕ್ತದಿಂದ ಕೂಸಿಗೆ ಹೋದ ಕಾವಲಿನ ಅಂಶ ಕೂಸಿನ ರಕ್ತವನ್ನು ಪರಕೀಯ ಎಂದುಕೊಂಡು ಒಡೆಯುತ್ತದೆ, ಒಡೆದದ್ದು ಹಳದಿಯಾಗಿ ಮೈಗೇರುತ್ತದೆ, ಆ ಬೆಳಕು ಅದನ್ನು ಇಳಿಸುತ್ತದೆ ಎಂದು ಡಾಕ್ಟರಮ್ಮ ತಮಿಳಿನಲ್ಲಿ ಬಿಡಿಸಿ ಹೇಳಿದರು. ನಾನು ಅಕ್ಕನ ವಿಷಯ ಕೇಳಿದೆ. ಮೊಣಕಾಲಿನ ಆಪರೇಷನ್ ಆದಾಗ ಅವಳದು ನೆಗೆಟಿವ್ ರಕ್ತ ಎಂದಿದ್ದರು, ಅದನ್ನೂ ಹೇಳಿದೆ. ಡಾಕ್ಟರಮ್ಮ, ಅದೇ ಕಾರಣವಿರಬೇಕು, ಮುಂದಿನ ಕೂಸಿಗೆ ಹೀಗಾಗದಿರಲೆಂದು ಅಂಥವರಿಗೆ ಮೊದಲ ಹೆರಿಗೆಯಲ್ಲೇ ಒಂದು ಇಂಜೆಕ್ಷನ್ ಕೊಡುತ್ತೇವೆ, ಆಗ ಅದೆಲ್ಲಿತ್ತು ಎಂದರು. ಹಾಲಿಗೂ ಅದಕ್ಕೂ ಸಂಬಂಧವಿಲ್ಲ ಎಂದೂ ಹೇಳಿದರು.

ಅಲ್ಲೇ ಬೆಂಚಿನ ಮೇಲೆ ಕೂತು ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಅಂಗಾದ್ರೆ ನನ್ ಆಲು ಚೆನ್ನಾಗೇ ಇತ್ತು" ಎಂದಳು.

"ಚೆನ್ನಾಗೇ ಇತ್ತು ಕಣಕ್ಕ" ಎಂದೆ.

"ಈ ಕೂಸಿಗೆ ಅವರವ್ವನ ಆಲೇ ಕುಡಿಸ್ತಾವ್ರಾ?"

"ಊಂ, ದೀಪದ ಕೆಳ್ಗಿಂದ ಎತ್ತಿ ಎತ್ತಿ ಕುಡಿಸ್ತಾವ್ರೆ."

"ಯಾರು ಏನೇ ಅಂದ್ರೂ ಬುಡಿಸ್ಬ್ಯಾಡ ಅನ್ನು" ಎಂದಳು ಅಕ್ಕ.