ನಾನು ಸಾಯಬೇಕಿದ್ದ ನಾಟಕ

ನಾಟಕದ ಪ್ರಾಣವಿರುವುದು ಮಾತಿನಲ್ಲಿ. ಆ ಪ್ರಾಣ ಹೋಗುವುದೂ ಮಾತಿನಿಂದಲೇ ಎಂಬುದನ್ನು ನನ್ನದೇ ನಾಟಕದಲ್ಲಿ ಕಣ್ಣಾರೆ ಕಂಡವನು ನಾನು.

ಎರಡನೆಯ ಮಹಾಯುದ್ಧದ ಕಾಲ. ನಾನು ವಂಡ್ಸೆಯಲ್ಲಿ ಮಾಸ್ತರು. ಸೀಮೆಎಣ್ಣೆ ರೇಶನ್ನಿಗೆ ಬಿದ್ದು ಪೆಟ್ರೋಮ್ಯಾಕ್ಸ್ ಹೊತ್ತಿಸುವಂತಿರಲಿಲ್ಲ. ಊರವರು ಮಧ್ಯಾಹ್ನಕ್ಕೊಂದು ನಾಟಕ ಬೇಕೆಂದರು. ನಾಲ್ಕು ಅಂಕ ಬರೆದೆ. ಒಂದನೆಯದರಲ್ಲಿ ಶತ್ರುವಿನ ದೂತ ಬಂದು ಕೋಟೆ ಕೇಳುತ್ತಾನೆ, ರಾಜ ಬೈದು ಕಳಿಸುತ್ತಾನೆ, ಯುದ್ಧ ಹತ್ತಿಕೊಳ್ಳುತ್ತದೆ. ನಾಲ್ಕನೆಯದರಲ್ಲಿ ರಾಜಕುಮಾರ ಐದು ಪುಟ ಮಾತಾಡಿ ಸಾಯುತ್ತಾನೆ. ರಾಜಕುಮಾರ ನಾನೇ. ಸುಳ್ಳು ಹೇಳಿ ಪ್ರಯೋಜನವಿಲ್ಲ, ಮಿಕ್ಕಿದ್ದೆಲ್ಲ ಬರೆದದ್ದು ಆ ಐದು ಪುಟಕ್ಕಾಗಿ.

ರಾಜನ ಪಾತ್ರಕ್ಕೆ ಕುಂಭಾಶಿ ಕಡೆಯ ಅಡುಗೆ ಭಟ್ಟರು, ದೂತನ ಪಾತ್ರಕ್ಕೆ ಸಾಲಿಗ್ರಾಮದ ಕಡೆಯ ಒಬ್ಬ ಬೇಸಾಯಗಾರರು. ಇಬ್ಬರೂ ತಾಳಮದ್ದಳೆಯಲ್ಲಿ ಪಳಗಿದವರು. ವೇಷ ಕಟ್ಟದೆ, ಕುಳಿತಲ್ಲೇ, ಬರೆದಿಟ್ಟ ಒಂದು ಮಾತೂ ಇಲ್ಲದೆ ವಾದ ಹೂಡುವ ಕಲೆ ಅದು. ವಾದ ಹದ ಮೀರಿತೆಂದರೆ, ಹಾಡಿ ಕಥೆ ನಡೆಸುವ ಭಾಗವತರು ಮುಂದಿನ ಪದ ಎತ್ತಿ, ಇಬ್ಬರ ಬಾಯಿಯನ್ನೂ ಮುಚ್ಚಿಸಿ, ಕಥೆಯನ್ನು ದಾರಿಗೆ ತರುತ್ತಾರೆ. ನನ್ನದು ಹೊಸ ಕಾಲದ ನಾಟಕ. ಹಾಡೂ ಬೇಡ, ಭಾಗವತರೂ ಬೇಡವೆಂದು ಕೈಬಿಟ್ಟಿದ್ದೆ. ಪಂಡಿತನಲ್ಲವೇ!

ಅಭ್ಯಾಸದ ದಿನವೇ ಭಟ್ಟರು ಹಾಳೆ ತಿರುವಿ ಕೇಳಿದರು: "ಹ್ವಾಯ್ ಮಾಷ್ಟ್ರೇ, 'ಎಲೈ ನೀಚನೇ, ತೊಲಗು' ಅಂದೇಳಿ ಬರದ್ರಿ. ಇದ್ ಬೈಗ್ಳ ಆಯ್ತ್. ಉತ್ರ ಎಲ್ಲಿತ್?"

"ಉತ್ರ ಕೊಟ್ರೆ ಯುದ್ಧ ಆತಿಲ್ಲೆ ಭಟ್ರೆ. ನಂಗೆ ಯುದ್ಧ ಬೇಕ್."

"ಅಷ್ಟ್ ಜನದ ಎದ್ರಿಗೆ ಉತ್ರ ಇಲ್ದೆ ಕೂಕಂಬುಕೆ ನಂಗೆ ನಾಚ್ಕಿ ಆತಿಲ್ಯಾ?"

"ಬರದ್ದಷ್ಟ್ ಹೇಳಿ, ಸಾಕ್."

ಭಟ್ಟರು ತಲೆಯಾಡಿಸಿದರು. ಒಪ್ಪಿದರೆಂದುಕೊಂಡೆ.

ನಾಟಕದ ದಿನ ದೂತ ಬಂದು ಕೋಟೆ ಕೇಳಿದ. "ತೊಲಗು" ಎನ್ನಬೇಕಾದ ರಾಜರು ಮೀಸೆ ನೇವರಿಸಿ, "ಕುಳಿತುಕೋ. ನಿನ್ನ ಒಡೆಯನಿಗೆ ಎಷ್ಟು ಕೋಟೆ?" ಎಂದರು.

"ಏಳು."

"ಅವನು ಮಲಗುವುದು ಎಷ್ಟರಲ್ಲಿ?"

"ಒಂದರಲ್ಲಿ."

"ಉಳಿದ ಆರರಲ್ಲಿ ಮಲಗುವವರು ಯಾರು?"

"ಕಾವಲಿನವರು," ಎಂದುಬಿಟ್ಟ ದೂತ.

"ಕಾವಲಿನವರು ಮಲಗುತ್ತಾರೆಂದು ಶತ್ರುವಿನ ಸಭೆಯಲ್ಲಿ ಸಾರುವ ದೂತನನ್ನು ಇಟ್ಟುಕೊಂಡವನಿಗೆ ಎಂಟನೆಯ ಕೋಟೆ ಯಾಕಪ್ಪಾ?"

ಚಪ್ಪಾಳೆಗೆ ಚಪ್ಪರ ಅದುರಿತು. ದೂತ ಎದ್ದು ನಿಂತ. ಪರದೆಯ ಮರೆಯಲ್ಲಿ ನಾನು ಮರದ ಕತ್ತಿ ಹಿಡಿದು "ಒಪ್ಬೇಡಿ, ಒಪ್ಬೇಡಿ!" ಎಂದು ಪಿಸುಗುಟ್ಟುತ್ತಿದ್ದೆ. ದೂತ ರಾಜನಿಗೆ ಕೈಮುಗಿದು, "ಮಹಾರಾಜ, ನಮಗೆ ಇದ್ದ ಏಳೇ ಸಾಕು" ಎಂದು ಒಳಗೆ ಬಂದ.

"ವಾಪಾಸ್ ಹೋಯಿ ಜಗ್ಳ ಮಾಡಿ!" ಎಂದೆ.

"ಸೋತ್ಮೇಲೆ ಎಂತ ಜಗ್ಳ ಮಾಷ್ಟ್ರೇ? ಜನ ಉಗಿತ್ರ್," ಎಂದವರು ಪೇಟ ತೆಗೆದು ಗಾಳಿ ಹಾಕಿಕೊಂಡರು.

ಹೊರಗೆ ಜನ ಏಳತೊಡಗಿದ್ದರು. ಯುದ್ಧವೇ ತಪ್ಪಿದ ಮೇಲೆ ಕೂತು ಮಾಡುವುದೇನು? ಕಾವಲಿನವರ ಬಗ್ಗೆ ಭಟ್ಟರು ಆಡಿದ ಆ ಒಂದು ಮಾತಿಗೆ ಸಮನಾದದ್ದು ನನ್ನ ಐದು ಪುಟಗಳಲ್ಲಿ ಇರಲಿಲ್ಲ. ಹಾಗೆಂದು ಆಗ ಯಾರಾದರೂ ಹೇಳಿದ್ದರೆ ಮರದ ಕತ್ತಿಗೆ ಕೆಲಸ ಸಿಗುತ್ತಿತ್ತು. ನಾನು ಸಾಯುವುದನ್ನು ನೋಡಲೆಂದೇ ಕಿರಿಮಂಜೇಶ್ವರದಿಂದ ಬಂದಿದ್ದ ಅಮ್ಮ ಒಳಗೆ ಬಂದು, "ಒಳ್ಳೇದಾಯ್ತ್ ಮಗಾ, ಯಾರೂ ಸಾಯ್ಲಿಲ್ಲ" ಎಂದರು.

ನಾಟಕ ಒಂದನೆಯ ಅಂಕದಲ್ಲಿ ಮುಗಿಯಿತು. ಉಳಿದ ಮೂರು ಅಂಕಗಳನ್ನು ಯಾರೂ ಆಡಲಿಲ್ಲ.